ಮೊದಲು ಮರ ನೋಡಬೇಕಾ, ಪ್ಲಾನ್ ನೋಡಬೇಕಾ? (ಮೈಸೂರು, 40×60 ಸೈಟು, ಒಂದು ಹೊಂಗೆ ಮರ)

ಮಲೆನಾಡ್_ಮಾಣಿ | ಫೆಬ್ರವರಿ 18

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರಗೆ 40×60 ಸೈಟು ತೆಗೆದುಕೊಂಡು ಆರು ವರ್ಷ ಆಯಿತು. ಈಗ ಮನೆ ಕಟ್ಟುವ ಧೈರ್ಯ ಬಂದಿದೆ. ರಸ್ತೆ ಪೂರ್ವಕ್ಕಿದೆ, ಬೆನ್ನು ಪಶ್ಚಿಮಕ್ಕೆ. ನೈಋತ್ಯ ಮೂಲೆಯಲ್ಲಿ ಒಂದು ಹೊಂಗೆ ಮರ. ನಾನು ನೆಟ್ಟಿದ್ದಲ್ಲ. ಬಡಾವಣೆ ಆಗುವ ಮುಂಚೆ ಹೊಲದ ಬದುವಿನಲ್ಲಿ ಇದ್ದದ್ದು.

ಇಂಜಿನಿಯರ್ ಒಬ್ಬರು ಪ್ಲಾನ್ ಕೊಟ್ಟಿದ್ದಾರೆ. ಸುತ್ತ ನಿಯಮದಂತೆ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್ ಬಿಟ್ಟು ಉಳಿದಿದ್ದಕ್ಕೆಲ್ಲ ಮನೆ. ಸೈಟು ನೋಡಲು ಮೊನ್ನೆ ಹತ್ತು ನಿಮಿಷ ಬಂದಿದ್ದರು. ಮರ ಬೋಳಾಗಿ ನಿಂತಿತ್ತು. "ಅರ್ಧ ಸತ್ತಿದೆ ಸರ್, ತೆಗೆಸಿಬಿಡಿ, ಅಲ್ಲಿ ಮಾಸ್ಟರ್ ಬೆಡ್‌ರೂಮ್ ಬರುತ್ತೆ" ಅಂದರು.

ನಾನು ತೀರ್ಥಹಳ್ಳಿ ಕಡೆಯ, ನಡುವೆ ತೆರೆದ ಅಂಗಳ ಇರುವ ತೊಟ್ಟಿ ಮನೆಯಲ್ಲಿ ಬೆಳೆದವನು. ಈಗ ಹದಿನೈದು ವರ್ಷದಿಂದ ಬಾಡಿಗೆ ಫ್ಲ್ಯಾಟು. ಹೊರಗೆ ಮಳೆ ಬಂದದ್ದು ಕೆಳಗಿನ ಮನೆಯವರು ಬಟ್ಟೆ ತೆಗೆಯಿರಿ ಎಂದು ಕೂಗಿದಾಗ ಗೊತ್ತಾಗುತ್ತದೆ. ಹೆಂಡತಿಗೆ ಅಂಗಳ ಬೇಕೇ ಬೇಕು. ಅಪ್ಪ ಮಾತ್ರ "ಅಂಗಳ ಇಡು, ಆದರೆ ಪೊರಕೆ ಯಾರ ಕೈಲಿ ಅಂತ ಮೊದಲೇ ತೀರ್ಮಾನ ಮಾಡ್ಕೊ" ಎನ್ನುತ್ತಾರೆ.

ಇಷ್ಟು ಜಾಗದಲ್ಲಿ ಅಂಗಳ ಅನ್ನುವುದು ಹುಚ್ಚಾ? ಮರ ಉಳಿಸಿಕೊಂಡು ಕಟ್ಟಿದವರು ಯಾರಾದರೂ ಇದ್ದೀರಾ?


ಮೂವತ್ತು_ನಲವತ್ತು | ಫೆಬ್ರವರಿ 18

ಹುಚ್ಚೇ. ನನಗೂ ಹಿಡಿದಿತ್ತು, ಹೇಳ್ತೀನಿ ಕೇಳಿ.

ಬೆಂಗಳೂರಿನಲ್ಲಿ ನನ್ನದು 30×40. ನಡುಮನೆಗೆ 6×8 ಅಡಿಯ ಒಂದು ತೆರೆದ ತೊಟ್ಟಿ ಇಟ್ಟೆವು. ಗೃಹಪ್ರವೇಶಕ್ಕೆ ಬಂದವರೆಲ್ಲ ಅಲ್ಲೇ ನಿಂತು ಫೋಟೊ ತೆಗೆಸಿಕೊಂಡರು. ಮೊದಲನೇ ದೊಡ್ಡ ಮಳೆಗೆ ನೀರು ಸೋಫಾದ ಕೆಳಗೆ ಬಂತು. ಆಮೇಲೆ ಸೊಳ್ಳೆ. ಆಮೇಲೆ ಪಕ್ಕದ ಮನೆಯ ಬೆಕ್ಕು. ಸಾಕಪ್ಪಾ ಎಂದು ಮೇಲೆ ಪಾಲಿಕಾರ್ಬೊನೇಟ್ ಶೀಟು ಹಾಕಿಸಿ ಸುತ್ತ ಸೀಲ್ ಮಾಡಿಸಿದೆ.

ಏಪ್ರಿಲ್‌ನಲ್ಲಿ ಮನೆ ಇಡ್ಲಿ ಪಾತ್ರೆ ಆಯಿತು! ಬಿಸಿಲು ಒಳಗೆ ಬರುತ್ತೆ, ಬಿಸಿ ಹೊರಗೆ ಹೋಗಲ್ಲ. ಮಧ್ಯಾಹ್ನ ಅತ್ತೆ ಆ ಜಾಗ ದಾಟಲು ಕೊಡೆ ಹಿಡಿಯುತ್ತಿದ್ದರು. ತಮಾಷೆ ಅಲ್ಲ, ಮನೆಯೊಳಗೆ ಕೊಡೆ.


ಗೂಟ_ದಾರ | ಫೆಬ್ರವರಿ 19

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮೊದಲು ಮರದ ವಿಷಯ. ಮಾಣಿಯವರೇ, ಹೊಂಗೆ ಫೆಬ್ರವರಿಯಲ್ಲಿ ಬೋಳಾಗುವುದು ಸಾಯುವುದಕ್ಕಲ್ಲ. ಹಳೆ ಎಲೆ ಉದುರಿಸಿ ಹೊಸದು ಹಾಕಿಕೊಳ್ಳುತ್ತದೆ. ಮೂರು ನಾಲ್ಕು ವಾರ ಕಾಯಿರಿ. ಬಿಸಿಲು ಏರುವ ಹೊತ್ತಿಗೆ ಅದರ ಚಪ್ಪರ ತಯಾರಾಗಿರುತ್ತದೆ. ನಮ್ಮ ಹಿರಿಯರು ಬದುವಿಗೆ ಹೊಂಗೆ ಬಿಟ್ಟದ್ದು ಸುಮ್ನೆ ಅಲ್ಲ. ಇನ್ನೊಂದು, ಸ್ವಂತ ಸೈಟಿನಲ್ಲಿದ್ದರೂ ಮರವನ್ನು ಹಾಗೆಲ್ಲ ಕಡಿಯುವ ಹಾಗಿಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಬೇಕು.

ಈಗ ಬಿಸಿಲು. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆ ಭಾಗದಲ್ಲಿ ಒಂದು ದಿನ, ಆಗಸ್ಟ್‌ನಲ್ಲಿ ಇನ್ನೊಂದು ದಿನ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ನೆಟ್ಟಗೆ ನಿಲ್ಲಿಸಿದ ಗೂಟಕ್ಕೆ ನೆರಳೇ ಇರಲ್ಲ. ಆ ಎರಡು ದಿನಗಳ ನಡುವೆ ಮಧ್ಯಾಹ್ನದ ಬಿಸಿಲು ಉತ್ತರದ ಕಡೆಯಿಂದ ಬರುತ್ತದೆ! ಉಳಿದ ಎಂಟು ತಿಂಗಳು ದಕ್ಷಿಣದಿಂದ. ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದೇ ಇಲ್ಲ. ಉತ್ತರಕ್ಕೆ ಬಿಸಿಲೇ ಬೀಳಲ್ಲ ಅಂತ ಎಲ್ಲೋ ಓದಿರುತ್ತಾರೆ. ಅದು ದೂರದ ಚಳಿ ದೇಶದವರ ಲೆಕ್ಕ.

ಆದರೆ ನಿಮ್ಮ ವೈರಿ ಉತ್ತರವೂ ಅಲ್ಲ, ದಕ್ಷಿಣವೂ ಅಲ್ಲ. ಪಶ್ಚಿಮ. ದಕ್ಷಿಣದ ಕಿಟಕಿಗೆ 2 ಅಡಿ ಸಜ್ಜಾ ಹಾಕಿ. ಡಿಸೆಂಬರ್ ಮಧ್ಯಾಹ್ನ ಅದು ಎರಡೂಮುಕ್ಕಾಲು ಅಡಿ ಕೆಳಗಿನವರೆಗೂ ನೆರಳು ಕೊಡುತ್ತದೆ. ಅದೇ ಸಜ್ಜಾ ಪಶ್ಚಿಮಕ್ಕೆ ಹಾಕಿ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆಗೆ ಸಿಗುವುದು ಒಂದಡಿ ಚಿಲ್ಲರೆ ನೆರಳು. ಸೂರ್ಯ ಅಷ್ಟು ಕೆಳಗಿಳಿದಿರುತ್ತಾನೆ. ಪಶ್ಚಿಮದ ಗೋಡೆ ಸಂಜೆಯೆಲ್ಲ ಕಾದು ರಾತ್ರಿ ಹತ್ತಕ್ಕೆ ನಿಮ್ಮ ಮಂಚದ ಕಡೆ ಬಿಸಿ ಬಿಡುತ್ತದೆ. ಅದನ್ನು ತಡೆಯುವುದು ಎತ್ತರದ ಮರ, ಇಲ್ಲವೇ ಜನ ಮಲಗದ ಕೋಣೆ. ಮೆಟ್ಟಿಲು, ಬಚ್ಚಲು, ಉಗ್ರಾಣ ಹೀಗೆ.

ನನ್ನ ಸಲಹೆ ಇಷ್ಟೇ. ಪ್ಲಾನ್ ಪಕ್ಕಕ್ಕಿಡಿ. ಒಂದು ಚೀಲ ಸುಣ್ಣದ ಪುಡಿ, ನಾಲ್ಕು ಗೂಟ, ಒಂದು ಉಂಡೆ ದಾರ ತೆಗೆದುಕೊಂಡು ಸೈಟಿಗೆ ಹೋಗಿ. ಎರಡು ವಾರಕ್ಕೊಂದು ಭಾನುವಾರ ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡೂವರೆ, ಸಂಜೆ ನಾಲ್ಕೂವರೆಗೆ ಮರದ ನೆರಳಿನ ಅಂಚಿಗೆ ಸುಣ್ಣ ಹಾಕಿ, ಫೋಟೊ ತೆಗೆಯಿರಿ. ಗಾಳಿ ಎಲ್ಲಿಂದ ಅಂತ ಬರೆದಿಡಿ. ಮಳೆ ಬಂದ ದಿನ ನೀರು ಎಲ್ಲಿ ನಿಂತಿತು ನೋಡಿ. ಆಮೇಲೆ ಖಾಲಿ ಜಾಗವನ್ನು ಮೊದಲು ಬರೆಯಿರಿ. ಕೋಣೆಗಳು ಅದರ ಸುತ್ತ ಕೂರುತ್ತವೆ. ನಮ್ಮವರು ಮಾಡುವುದು ತಿರುಗಾಮುರುಗಾ. ಕೋಣೆ ಎಲ್ಲ ಜೋಡಿಸಿ ಮಿಕ್ಕಿದ್ದಕ್ಕೆ ಹಸಿರು ಬಣ್ಣ ಬಳಿದು ಗಾರ್ಡನ್ ಅಂತ ಬರೆಯುತ್ತಾರೆ.


ಮೂವತ್ತು_ನಲವತ್ತು | ಫೆಬ್ರವರಿ 19

ಅಣ್ಣ, ನಮ್ಮ ಮನೆಗೆ ಏನಾದ್ರೂ ದಾರಿ ಇದ್ರೆ ಹೇಳಿ. ಅತ್ತೆ ಓದುತ್ತಿದ್ದಾರೆ.


ಗೂಟ_ದಾರ | ಫೆಬ್ರವರಿ 19

ಶೀಟು ಬಿಚ್ಚಬೇಡಿ, ಎತ್ತಿಸಿ. ಕಬ್ಬಿಣದ ಕಾಲು ಕೊಟ್ಟು ಒಂದೂವರೆ ಅಡಿ ಮೇಲೆ ಹಾಕಿಸಿ, ಸುತ್ತ ಸೀಲ್ ಬದಲು ಸೊಳ್ಳೆ ಜಾಲರಿ. ಶೀಟು ಎಲ್ಲ ಕಡೆ ಎರಡಡಿ ಹೊರಗೆ ಚಾಚಿರಲಿ, ಇಲ್ಲಾಂದ್ರೆ ಎರಚಲು ಬರುತ್ತೆ. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ಕೆಳಗಿನ ಕಿಟಕಿಯಿಂದ ತಂಪು ಬರುತ್ತದೆ. ಅತ್ತೆಯವರಿಗೆ ನಮಸ್ಕಾರ.


ಸೀತಾಳೆದಂಡೆ | ಫೆಬ್ರವರಿ 21

ಅಂಗಳ ಅಂದ ಕೂಡಲೇ ಎಲ್ಲರ ಕಣ್ಣಿಗೆ ತುಳಸಿಕಟ್ಟೆ, ರಂಗೋಲಿ, ಬೆಳದಿಂಗಳು ಕಾಣುತ್ತದೆ. ನನಗೆ ಪಾಚಿ ಕಾಣುತ್ತದೆ.

ನಾನೂ ಮಲೆನಾಡಿನವಳೇ. ನಮ್ಮದು ದೊಡ್ಡ ಚೌಕಿ ಮನೆ. ಮಾಣಿಯವರ ಅಪ್ಪ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಅವರು ಅರ್ಧ ಮಾತ್ರ ಹೇಳಿದ್ದಾರೆ. ಪೊರಕೆ ಹಿಡಿದವರು ಅಮ್ಮ, ಅಜ್ಜಿ, ಚಿಕ್ಕಮ್ಮ ಅಂತ ಹೇಳಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಗೆಮನೆಯಿಂದ ಬಚ್ಚಲಿಗೆ ಹೋಗಲು ಜಗುಲಿ ಸುತ್ತಿ ಹೋಗಬೇಕು. ಕೈಯಲ್ಲಿ ಬಿಸಿ ಪಾತ್ರೆ ಇದ್ದರೂ ಅಷ್ಟೇ. ಅಂಗಳ ಅಡ್ಡ ದಾಟಿದರೆ ಜಾರಿ ಬೀಳುವುದು ಗ್ಯಾರಂಟಿ. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡದ್ದು ಅಲ್ಲೇ.

ಹಾಗಂತ ಅಂಗಳ ಬೇಡ ಅನ್ನುತ್ತಿಲ್ಲ. ಆ ಮನೆ ಹೇಗೆ ನಡೆಯುತ್ತಿತ್ತು ಅಂತ ನೋಡಿದರೆ ನಿಮಗೇ ತಿಳಿಯುತ್ತದೆ. ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಅಪ್ಪ, ಆಳುಗಳು ಸೇರಿ ಹೊರ ಅಂಗಳಕ್ಕೆ ಕಂಬ ನೆಟ್ಟು ಚಪ್ಪರ ಹಾಕುತ್ತಿದ್ದರು. ಮೇಲೆ ಅಡಿಕೆ ಒಣಗುತ್ತದೆ, ಕೆಳಗೆ ನಮಗೆ ನೆರಳು. ಬೇಸಿಗೆಯಿಡೀ ಆಟ, ಊಟ, ಮಧ್ಯಾಹ್ನದ ನಿದ್ದೆ ಎಲ್ಲ ಅದರ ಕೆಳಗೇ. ಮಳೆಗೆ ಮುಂಚೆ ಚಪ್ಪರ ಬಿಚ್ಚುವುದು. ಆಮೇಲೆ ಗಾಳಿಮಳೆ ಹೊಡೆಯುವ ಕಡೆಯ ಮಣ್ಣಿನ ಗೋಡೆಗೆ ಸೋಗೆ, ಅಂದರೆ ಅಡಿಕೆ ಗರಿ, ಕಟ್ಟುವುದು. ಓಡಾಡುವ ದಾರಿಗೂ ಸೋಗೆ ಹಾಸುವುದು. ಮಳೆ ಹೋದ ಮೇಲೆ ಆ ಸೋಗೆ ಗೊಬ್ಬರದ ಗುಂಡಿಗೆ. ಮನೆಯೂ ನಮ್ಮ ಹಾಗೆ ಕಾಲಕ್ಕೆ ತಕ್ಕ ಬಟ್ಟೆ ಹಾಕಿಕೊಳ್ಳುತ್ತಿತ್ತು. ತೋಟ ಪಕ್ಕದಲ್ಲೇ ಇತ್ತು, ಕೈಗಳು ಹತ್ತಿದ್ದವು, ಹಾಗಾಗಿ ನಡೆಯಿತು.

ಮಾಣಿಯವರೇ, ನಿಮ್ಮ ಮನೆಯಲ್ಲಿ ಕೈ ಎಷ್ಟು? ನೀವಿಬ್ಬರೂ ಕೆಲಸಕ್ಕೆ ಹೋಗುವವರಾ? ಅಂಗಳದ ಅಳತೆ ಅದರ ಮೇಲೆ ತೀರ್ಮಾನ ಆಗಲಿ. ಮತ್ತೆ ನುಣುಪು ಗ್ರಾನೈಟ್ ಮಾತ್ರ ಹಾಕಬೇಡಿ, ಕೈ ಮುಗಿಯುತ್ತೇನೆ.


ಬೆಳಕಿಂಡಿ | ಫೆಬ್ರವರಿ 22

ಎಲ್ಲರೂ ಮಲೆನಾಡು, ಕರಾವಳಿ ಅಂತೀರಿ. ನಮ್ಮ ಬಾಗಲಕೋಟೆ, ವಿಜಯಪುರದ ಕಡೆಗೂ ಒಮ್ಮೆ ಬರ್ರಿ.

ನಮ್ಮ ಹಳೆ ಮನೆಗೆ ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಕಿಟಕಿ ಕಡಿಮೆ, ಇದ್ದರೂ ಸಣ್ಣವು. ಬೆಳಕಿಗೆ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಮಳೆ ಬಂದರೆ ಮುಚ್ಚಲು ಒಂದು ಕಲ್ಲು. ಅದರಿಂದ ಇಳಿಯುವ ಬಿಸಿಲಿನ ಬಿಲ್ಲೆ ಗೋಡೆ ಮೇಲೆ ಎಲ್ಲಿಗೆ ಬಂತು ಅಂತ ನೋಡಿ ನಮ್ಮವ್ವ ರೊಟ್ಟಿಗೆ ಒಲೆ ಹಚ್ಚುತ್ತಿದ್ದಳು. ಗಡಿಯಾರ ಆಮೇಲೆ ಬಂತು.

ಮೇ ತಿಂಗಳಲ್ಲಿ ಹೊರಗೆ ಕೆಂಡ ಸುರಿಯುವಾಗ ಒಳಗೆ ತಂಪು. ಆ ದಪ್ಪ ಗೋಡೆ ದಾಟಿ ಬಿಸಿ ಒಳಗೆ ಬರುವಷ್ಟರಲ್ಲಿ ರಾತ್ರಿ ಆಗಿರುತ್ತದೆ. ಆಗ ನಾವು ಒಳಗೆ ಇರುವುದೇ ಇಲ್ಲ, ಹಾಸಿಗೆ ಸುತ್ತಿಕೊಂಡು ಮಾಳಿಗೆ ಏರಿರುತ್ತೇವೆ. ಮುಂಜಾನೆ ಪಡಸಾಲೆ, ಮಧ್ಯಾಹ್ನ ಒಳಗಿನ ಕತ್ತಲ ಕೋಣೆ, ಸಂಜೆ ಬಾಗಿಲ ಕಟ್ಟೆ, ರಾತ್ರಿ ಮಾಳಿಗೆ. ಹೊತ್ತಿಗೊಂದು ಜಾಗ. ಬೆಡ್‌ರೂಮ್ ಅಂತ ಒಂದಕ್ಕೆ ಹೆಸರಿಟ್ಟು ಇಡೀ ವರ್ಷ ಅಲ್ಲೇ ಮಲಗು ಅಂದರೆ ಏಸಿ ಬೇಕೇ ಬೇಕು ಅಲ್ಲೇನ್ರಿ?

ಅಂದಹಾಗೆ ನನ್ನ ತಮ್ಮ ಆ ಮನೆ ಕೆಡವಿ ಆರಿಂಚು ಬ್ಲಾಕಿನ ಮನೆ ಕಟ್ಟಿಸಿದ್ದಾನೆ. ಮುಂದೆ ಪೂರ್ತಿ ಗಾಜು. ಮಧ್ಯಾಹ್ನ ಎಲ್ಲರೂ ದನದ ಕೊಟ್ಟಿಗೆಯಲ್ಲಿ ಕೂರುತ್ತಾರೆ. ಅದೊಂದೇ ಹಳೆಯದು ಉಳಿದಿರುವುದು.


ಅಲೆಮಾರಿ_72 | ಮಾರ್ಚ್ 1

ದೊಡ್ಡವರು ಇದನ್ನು ಹೇಗೆ ಮಾಡಿದ್ದಾರೆ ಅಂತ ನೋಡಬೇಕಾದರೆ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಇದೆ. ವಾಸ್ತುಶಿಲ್ಪಿ ಬಿ.ವಿ. ದೋಶಿ 1970ರ ದಶಕದ ಕೊನೆಯಲ್ಲಿ ಶುರು ಮಾಡಿದ ಕೆಲಸ. ಅವರಿಗೆ 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಭಾರತದವರಿಗೆ ಬಂದದ್ದು ಅದೇ ಮೊದಲು. ಅಲ್ಲಿ ಕಟ್ಟಡಕ್ಕಿಂತ ಓಡಾಡುವ ಓಣಿಗಳೇ ಮುಖ್ಯ. ಒರಟು ಬೂದು ಕಲ್ಲಿನ ಗೋಡೆ, ಕೆಲವು ಕಡೆ ಮೇಲೆ ಆಕಾಶ, ಕೆಲವು ಕಡೆ ಕಾಂಕ್ರೀಟಿನ ಪಟ್ಟಿಗಳು, ಅದರ ಮೇಲೆ ಬಳ್ಳಿ. ಹತ್ತು ಗಂಟೆಗೆ ನಡೆದರೆ ನೆಲದ ಮೇಲೆ ಒಂದು ತರಹದ ಗೆರೆ, ನಾಲ್ಕಕ್ಕೆ ಬೇರೆ. ಪ್ರೇರಣೆ ಫತೇಪುರ್ ಸಿಕ್ರಿಯ ಅಂಗಳಗಳದ್ದು. ಆದರೆ ಆ ಬಯಲು ಸೀಮೆಯ ಬಿಸಿಲಿನ ಅಂಗಳವನ್ನು ಹಾಗೇ ಎತ್ತಿ ತಂದಿಲ್ಲ. ಬೆಂಗಳೂರಿನ ಹದವಾದ ಹವೆಯಲ್ಲಿ ಮರ, ಬಳ್ಳಿ ಚೆನ್ನಾಗಿ ಬರುತ್ತವೆ ಎಂದು ಅದಕ್ಕೆ ಜಾಗ ಬಿಟ್ಟಿದ್ದಾರೆ.

ಇನ್ನೊಂದು ನಾನು ಕಣ್ಣಾರೆ ನೋಡಿದ್ದು ಶ್ರೀಲಂಕಾದ ದಂಬುಲ್ಲ ಹತ್ತಿರದ ಕಂದಲಮ ಹೋಟೆಲು, 1994ರದ್ದು. ಅಲ್ಲಿನ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರ ಕೆಲಸ. ಮೊದಲು ಸಿಗಿರಿಯ ಬಂಡೆಯ ಹತ್ತಿರವೇ ಹೋಟೆಲು ಕಟ್ಟಬೇಕು ಅಂತಿತ್ತಂತೆ. ಅವರು ಬೇಡ ಎಂದು ದೂರದ ಕೆರೆಯ ದಂಡೆಗೆ ಕರೆದುಕೊಂಡು ಹೋದರು. ಈಗ ಹೋಟೆಲಿನಿಂದ ಸಿಗಿರಿಯ ದೂರದಲ್ಲಿ ಕಾಣುತ್ತದೆ. ಒಳಗೆ ಹೋಗುವಾಗ ಬೆಟ್ಟದ ಬಂಡೆ ಪಕ್ಕದಲ್ಲೇ ಇರುತ್ತದೆ, ಅದನ್ನು ಒಡೆದಿಲ್ಲ. ಹೊರಗೆ ಕಟ್ಟಡ ಹುಡುಕಬೇಕು, ಅಷ್ಟು ಬಳ್ಳಿ. ಮಂಗಗಳು ಬಾಲ್ಕನಿಗೆ ಬರುತ್ತವೆ, ಬಾಗಿಲು ಹಾಕಿಕೊಳ್ಳಿ ಅಂತ ಮೊದಲೇ ಹೇಳುತ್ತಾರೆ.


ಮೂವತ್ತು_ನಲವತ್ತು | ಮಾರ್ಚ್ 1

ಸರ್, ಅವರಿಗೆ ಬೆಟ್ಟ, ಕೆರೆ, ನೂರು ಎಕರೆ. ನಮಗೆ ಎರಡು ಕಾರ್ ನಿಲ್ಲಿಸಿದರೆ ಸೈಟು ಮುಗೀತು. ನಾವು ಇವನ್ನೆಲ್ಲ ನೋಡಿ ಏನ್ ಮಾಡೋಣ?


ಅಲೆಮಾರಿ_72 | ಮಾರ್ಚ್ 2

ನ್ಯಾಯವಾದ ಪ್ರಶ್ನೆ. ಅದೇ ಬಾವಾ ಅವರ ಸ್ವಂತ ಮನೆ ಕೊಲಂಬೊದ 33ನೇ ಲೇನಿನಲ್ಲಿದೆ. ಸಾಲಾಗಿದ್ದ ನಾಲ್ಕು ಸಣ್ಣ ಮನೆಗಳನ್ನು ಒಂದೊಂದಾಗಿ ಪಡೆದು, ಗೋಡೆ ಒಡೆದು ಸೇರಿಸಿದ್ದು. ಅಲ್ಲಿ ದೊಡ್ಡ ಅಂಗಳ ಅಂತ ಒಂದೂ ಇಲ್ಲ. ಬಾವಿಯಷ್ಟು ಅಗಲದ ಸಣ್ಣ ಸಣ್ಣ ಕಿಂಡಿ ಅಂಗಳಗಳು. ಒಂದು ಗಿಡ, ಒಂದು ಕುಂಡ, ಮೇಲಿನಿಂದ ಬೆಳಕು. ಕತ್ತಲ ಓಣಿಯ ಕೊನೆಯಲ್ಲಿ ಬೆಳಕು ಇಟ್ಟರೆ ಕಾಲು ತಾನೇ ಆ ಕಡೆ ಹೋಗುತ್ತದೆ. ಇದಕ್ಕೆ ನೂರು ಎಕರೆ ಬೇಡ ಅಲ್ವಾ?


ಗೂಟ_ದಾರ | ಮಾರ್ಚ್ 2

ಬೇಡ. ಆದರೆ ನೀರಿಗೆ ದಾರಿ ಬೇಕು. ಮೂವತ್ತು-ನಲವತ್ತು ಅವರ ಸೋಫಾ ಒದ್ದೆಯಾದದ್ದು ಯಾಕೆ ಅಂತ ಲೆಕ್ಕ ಹಾಕೋಣ.

ಈ ಸೂತ್ರ ನೆನಪಿಟ್ಟುಕೊಳ್ಳಿ. 100 ಚದರ ಮೀಟರ್ ಸೂರಿಗೆ 10 ಮಿಲಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರು. ಅಂಗಳ 10×12 ಅಡಿ ಇದ್ದರೆ ಅದು 11 ಚದರ ಮೀಟರ್. ಜೋರು ಮಳೆ 50 ಮಿಲಿಮೀಟರ್ ಬಂದರೂ ಆಕಾಶದಿಂದ ನೇರ ಬೀಳುವುದು 550 ಲೀಟರ್ ಮಾತ್ರ. ಹೆದರುವಂಥದ್ದೇನಿಲ್ಲ. ತಪ್ಪಾಗುವುದು ಸುತ್ತಲಿನ ಸೂರಿನ ನೀರನ್ನೂ ಒಳಕ್ಕೆ ಇಳಿಸಿದಾಗ. 1000 ಚದರ ಅಡಿ ಸೂರು ಒಳಕ್ಕೆ ಇಳಿಜಾರಾಗಿದ್ದರೆ ಅದೇ ಮಳೆಗೆ 4600 ಲೀಟರ್. ಒಂದೇ ಒಂದು ಪೈಪು, ಅದರ ಬಾಯಿಗೆ ಎರಡು ಎಲೆ ಕೂತರೆ ಮುಗಿಯಿತು.

ಹಾಗಾಗಿ ಸೂರಿನ ನೀರು ಹೊರಕ್ಕೆ, ನೆಲದಡಿಯ ನೀರಿನ ಸಂಪ್‌ಗೆ. ಅಂಗಳದ ನೆಲ ಜಗುಲಿಗಿಂತ ಕನಿಷ್ಠ ಒಂದಡಿ ಕೆಳಗೆ. ನೀರು ಹೋಗಲು ಎರಡು ದಾರಿ, ಒಂದು ಕಟ್ಟಿದರೆ ಇನ್ನೊಂದು. ನೀರು ನಿಲ್ಲದಿದ್ದರೆ ಸೊಳ್ಳೆ ಹುಟ್ಟುವುದಿಲ್ಲ, ಅದಕ್ಕೆ ವಾರವಾದರೂ ನಿಂತ ನೀರು ಬೇಕು. ಹಳೆ ತೊಟ್ಟಿ ಮನೆಗಳಲ್ಲಿ ಸೂರು ಒಳಕ್ಕೇ ಇಳಿಯುತ್ತಿತ್ತು ನಿಜ. ಆದರೆ ಅಲ್ಲಿ ಅಂಗಳದಿಂದ ಹೊರಗೆ ಹೋಗುವ ಕಲ್ಲಿನ ಚರಂಡಿಯಲ್ಲಿ ನಾನು ಕೈ ತೂರಿಸಿ ನೋಡಿದ್ದೇನೆ. ಮೊಳಕೈವರೆಗೂ ಹೋಗುತ್ತದೆ. ನಾವು ಅಂಗಳ ನಕಲು ಮಾಡಿದೆವು, ಚರಂಡಿ ಬಿಟ್ಟೆವು.


ಮಲೆನಾಡ್_ಮಾಣಿ | ಮಾರ್ಚ್ 16

ಮರ ಚಿಗುರಿದೆ! ತಿಂಗಳ ಹಿಂದೆ "ಅರ್ಧ ಸತ್ತ" ಮರ ಈಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದೆ. ಇಂಜಿನಿಯರಿಗೆ ಫೋಟೊ ಕಳಿಸಿದೆ. "ಓಕೆ ಸರ್" ಅಂತ ಬಂತು, ಅಷ್ಟೇ.

ಸೀತಾಳೆದಂಡೆ ಅಕ್ಕ, ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಗಳಿಗೆ ಎಂಟು ವರ್ಷ. ಪೊರಕೆ ವಿಷಯ ಮನೆಯಲ್ಲಿ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಫಿ ಕೇಳಿದರು.


ಮಲೆನಾಡ್_ಮಾಣಿ | ಏಪ್ರಿಲ್ 27

ಗೂಟ_ದಾರ ಅಣ್ಣ, ನೀವು ಹೇಳಿದ್ದು ಮಾಡಿದೆ. ಒಟ್ಟು ಐದು ಭಾನುವಾರ. ನಾನು ಅಂದುಕೊಂಡಿದ್ದು ಪೂರ್ತಿ ತಪ್ಪು.

ಮರ ನೈಋತ್ಯದಲ್ಲಿದೆ, ಸಂಜೆ ಬಿಸಿಲನ್ನು ಇಡೀ ಮನೆಗೆ ತಡೆಯುತ್ತದೆ ಅಂದುಕೊಂಡಿದ್ದೆ. ಮಾರ್ಚ್ ಮೊದಲ ವಾರ ಹಾಗೇ ಕಾಣುತ್ತಿತ್ತು. ನೆರಳು ಪೂರ್ವಕ್ಕೆ ಚಾಚಿ ಸ್ವಲ್ಪ ಉತ್ತರಕ್ಕೆ, ಸೈಟಿನ ನಡುವಿನ ಕಡೆ ವಾಲಿತ್ತು. ಎರಡು ವಾರಕ್ಕೊಮ್ಮೆ ಸುಣ್ಣದ ಗೆರೆ ದಕ್ಷಿಣಕ್ಕೆ ಜರುಗುತ್ತಾ ಹೋಯಿತು. ನಿನ್ನೆ ನಾಲ್ಕೂವರೆಗೆ ನೋಡಿದರೆ ನೆರಳು ದಕ್ಷಿಣದ ಅಂಚು ಹಿಡಿದು ಮಲಗಿದೆ. ಸುಮಾರು ಅರ್ಧ ಪಕ್ಕದ ಖಾಲಿ ಸೈಟಿನಲ್ಲಿ! ಸೂರ್ಯ ಪಶ್ಚಿಮದಿಂದ ಉತ್ತರಕ್ಕೆ ಸರಿದಿದ್ದಾನೆ, ನೆರಳು ದಕ್ಷಿಣಕ್ಕೆ ಸರಿದಿದೆ. ಸೆಕೆ ಜಾಸ್ತಿ ಇರುವ ಈ ಕಾಲದಲ್ಲೇ ನಮ್ಮ ವಾಯವ್ಯ ಮೂಲೆ ಬಟಾಬಯಲು. ಇಂಜಿನಿಯರ್ ಪ್ಲಾನಿನಲ್ಲಿ ಆ ಮೂಲೆಯಲ್ಲಿ ಇದ್ದದ್ದು ಮಗಳ ಕೋಣೆ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಬೇರೆ. ಮಗಳು ಆ ಜಾಗದಲ್ಲಿ ಸುಣ್ಣದ ಚೌಕದೊಳಗೆ ಎರಡು ನಿಮಿಷ ನಿಂತು "ಅಪ್ಪಾ, ನನಗೆ ಈ ರೂಮು ಬೇಡ" ಎಂದು ಮರದ ಕೆಳಗೆ ಓಡಿದಳು.

ಈಗ ಬೇರೆಯವರ ಹತ್ತಿರ ಹೊಸ ಪ್ಲಾನ್ ಮಾಡಿಸುತ್ತಿದ್ದೇವೆ. ವಾಯವ್ಯದಲ್ಲಿ ಮೆಟ್ಟಿಲು, ಬಚ್ಚಲು, ಉಗ್ರಾಣ. ಮಲಗುವ ಎರಡು ಕೋಣೆ ದಕ್ಷಿಣದ ಸಾಲಿಗೆ, ಮರದಿಂದ ದೂರ ಬಿಟ್ಟು. ಮರದ ಕಡೆಯ ಗೋಡೆಗೆ ಉದ್ದಕ್ಕೂ ಬುನಾದಿ ತೋಡುವ ಬದಲು ಕಂಬ ಇಟ್ಟು ಬೀಮ್ ಹಾಯಿಸುತ್ತಾರಂತೆ, ಬೇರು ಉಳಿಯುತ್ತದೆ. ನಡುವೆ 10×12 ಅಂಗಳ. ಮಳೆಗಾಲದಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬರುವುದರಿಂದ ಮರದ ಕೆಳಗಿನ ಕಿಟಕಿಯಿಂದ ಒಳಗೆ ಬಂದು ಅಂಗಳದಲ್ಲಿ ಮೇಲೆ ಹೋಗಲಿ ಎಂದು. ಸೂರಿನ ನೀರು ಹೊರಕ್ಕೆ. ನೆಲಕ್ಕೆ ಒರಟು ಕಲ್ಲು. ವಾಯವ್ಯದ ಗೋಡೆಗೆ ಒಂದಡಿ ಬಿಟ್ಟು ತಂತಿ ಚಪ್ಪರ, ತೊಂಡೆ ಬಳ್ಳಿ ಹಬ್ಬಿಸಲು. ಅಲ್ಲಿ ನೆಡುವ ಮರ ದೊಡ್ಡದಾಗುವವರೆಗೆ ತೊಂಡೆಕಾಯಿ ಪಲ್ಯ ತಿನ್ನಬೇಕು.

ತಮಾಷೆ ಅಂದರೆ, ವಾಸ್ತು ನೋಡುವ ನಮ್ಮ ದೊಡ್ಡಪ್ಪ ಇದನ್ನೆಲ್ಲ ವಿರೋಧಿಸುತ್ತಾರೆ ಅಂದುಕೊಂಡಿದ್ದೆವು. "ನೈಋತ್ಯ ಎತ್ತರ ಇರಬೇಕು, ಮರ ಇದೆ, ಒಳ್ಳೇದು. ನಡುವೆ ಖಾಲಿ, ಬ್ರಹ್ಮಸ್ಥಾನ, ಇನ್ನೂ ಒಳ್ಳೇದು" ಅಂದರು. ನಾವು ತೆಪ್ಪಗೆ ಕೂತೆವು.

ಉಳಿದಿರುವುದು ಒಂದೇ. ಅಂಗಳದ ಮೇಲೆ ಕಳ್ಳರ ಭಯಕ್ಕೆ ಗ್ರಿಲ್ ಬೇಕು ಅಂತ ಎಲ್ಲರೂ ಹೇಳುತ್ತಿದ್ದಾರೆ. ಹೆಂಡತಿಗೆ ಮನಸ್ಸಿಲ್ಲ.


ಗೂಟ_ದಾರ | ಏಪ್ರಿಲ್ 27

ಗ್ರಿಲ್ ಹಾಕಿಸಿ. ಆದರೆ ಅಂಗಳದ ನೆತ್ತಿಗೆ ಅಡ್ಡ ಮಾತ್ರ ಬೇಡ ಅನ್ನುವುದಾದರೆ ಜಗುಲಿಯಿಂದ ಕೋಣೆಗೆ ಹೋಗುವ ಬಾಗಿಲುಗಳನ್ನು ಗಟ್ಟಿ ಮಾಡಿಸಿ. ರಾತ್ರಿಗೆ ಅಂಗಳವೇ ಹೊರಗು, ಹಗಲಿಗೆ ಒಳಗು. ಖರ್ಚು ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಪಕ್ಕದ ಸೈಟಿನವರಿಗೆ ಮಾತ್ರ ಈಗಲೇ ಪರಿಚಯ ಮಾಡಿಕೊಳ್ಳಿ. ನಾಳೆ ಎಲೆ ಬೀಳುತ್ತೆ ಅಂತ ಜಗಳ ಬರುವ ಮುಂಚೆ.


ಮೂವತ್ತು_ನಲವತ್ತು | ಏಪ್ರಿಲ್ 28

ಶೀಟು ಎತ್ತಿಸಿದ್ದೀವಿ. ಕೊಡೆ ವಾಪಸ್ ಗೂಟಕ್ಕೆ ಹೋಗಿದೆ. ಬೆಕ್ಕಿನ ಸಮಸ್ಯೆ ಹಾಗೇ ಇದೆ.


ಸೀತಾಳೆದಂಡೆ | ಏಪ್ರಿಲ್ 28

ಮಾಣಿಯವರೇ, ಅಂಗಳದಲ್ಲಿ ಒಂದು ನಲ್ಲಿ ಇಡಿಸಿ, ಮೊಣಕಾಲೆತ್ತರಕ್ಕೆ. ಪಕ್ಕದಲ್ಲಿ ಪೊರಕೆ ನೇತುಹಾಕಲು ಒಂದು ಮೊಳೆ. ಮೊಳೆ ಮಾತ್ರ ನಿಮ್ಮ ಕೈಗೆ ಎಟುಕುವ ಎತ್ತರಕ್ಕೆ ಇರಲಿ.